ಸಂದು ಬಿಟ್ಟ ಕಲ್ಲು

ಮೊದಲ ದಿನದ ಅಳತೆಗೆ ನನ್ನದೇ ಸಹಿ ಇದೆ:
ಹನ್ನೆರಡು ಮೀಟರ್, ಸಿಮೆಂಟು ತುಂಬಿದ ಕಲ್ಲುಕಟ್ಟು, ತೃಪ್ತಿಕರ.
ಆ ಹನ್ನೆರಡರೊಳಗೆ ಎಲ್ಲೋ ಒಂದು ಮಿಂಚುಳ್ಳಿಯ ಬಿಲ.
ಮಾರನೆ ಬೆಳಿಗ್ಗೆ ಆ ಕಪ್ಪು ಬಿಳಿ ಹಕ್ಕಿ ಮೀನು ಕಚ್ಚಿಕೊಂಡು ಬಂತು,
ಗೋಡೆಯೆದುರು ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯಿತು,
ಹೋಯಿತು, ಬಂತು. ಮಧ್ಯಾಹ್ನದವರೆಗೂ
ಮೀನನ್ನು ತಾನು ನುಂಗಲಿಲ್ಲ.

ಕೆಲಮಂಗಲದಿಂದ ದೆಂಕಣಿಕೋಟೆಗೆ ಹೋಗುವಾಗ
ಎಡಕ್ಕೆ ಸಿಗುವ ಸಣ್ಣ ಕೆರೆ,
ನಕ್ಷೆಯಲ್ಲಿ ಒಂದು ಹೆಸರು, ಊರಲ್ಲಿ ಇನ್ನೊಂದು.
ದಡ ಕುಸಿಯುತ್ತಿದ್ದದ್ದು ಸುಳ್ಳಲ್ಲ.
ಹೋದ ಮಳೆಗಾಲ ಮೂಡಣ ದಂಡೆ ಒಂದೇ ರಾತ್ರಿಗೆ
ಟೊಮೆಟೊ ಟೆಂಪೋದ ಹಿಂಚಕ್ರ ನುಂಗಿತ್ತು.
ಕಟ್ಟಬೇಕಿತ್ತು. ಹೇಗೆ ಎಂಬುದಷ್ಟೇ ಬಾಕಿ.

ಎರಡನೆ ದಿನ ಸೊಣ್ಣಕ್ಕ ಬಂದಳು, ಕಲ್ಲು ಕೂರಿಸುವ ಮೇಸ್ತ್ರಿ.
ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದು
ಜೊಂಡಿನ ಬುಡಕ್ಕೆ ಮೊಣಕೈವರೆಗೆ ಕೈಯಿಟ್ಟು
ಬಸುರಿಯ ಹೊಟ್ಟೆ ಮುಟ್ಟಿದ ಸೂಲಗಿತ್ತಿಯ ಹಾಗೆ
ಸ್ವಲ್ಪ ಹೊತ್ತು ಸುಮ್ಮನೆ ನಿಂತಳು.
"ಇಲ್ಲಿ ಬೇಡ ಸಾ," ಅಂದಳು. "ಒಳಗೆ ಜನ ಇದ್ದಾರೆ."

ಭರಣಿ ಮಳೆ ಒಂದು ಹದ ಹುಯ್ದಿತ್ತು.
ನೀರ ಮೇಲೆ ಕುಂಕುಮ ಚೆಲ್ಲಿದಂತೆ
ಕೆಂಪು ಮರಿಗಳ ಹಿಂಡು, ಮೊರದಗಲ,
ಕದಲುತ್ತ, ಕೂಡುತ್ತ, ಒಮ್ಮೆಲೆ ಮುಳುಗುತ್ತ;
ಅಡಿಯಲ್ಲಿ ಕಪ್ಪು ಮೊಂಡು ತಲೆಯ ತಾಯಿಯೊ, ತಂದೆಯೊ,
ಕಾವಲು.
ನಾನು ಕೊರವ ಅಂದೆ. ಹಿಟಾಚಿ ಓಡಿಸುವ ಮಾಣಿಕ್ಕಂ ವಿರಾಲ್ ಅಂದ.
ಸೊಣ್ಣಕ್ಕ ಮನೆಮಾತಿನಲ್ಲಿ ಕೊರ್ರಮೀನು ಅಂದಳು.
ಮೂರು ಭಾಷೆಯಲ್ಲಿ ಹೆಸರಿರುವ ಮೀನಿಗೆ
ಅಂದಾಜುಪಟ್ಟಿಯಲ್ಲಿ ಒಂದು ಸಾಲಿರಲಿಲ್ಲ.

ಹಿಟಾಚಿಗೆ ಗಂಟೆ ಲೆಕ್ಕದ ಬಾಡಿಗೆ. ಮುಂಗಾರಿಗೆ ಒಂದೇ ತಿಂಗಳು.
ಗುತ್ತಿಗೆದಾರ ವರದರಾಜು ಫೋನಿನಲ್ಲಿ ನಕ್ಕ:
"ಮೀನಿಗೂ ಬಾಣಂತನ ಮಾಡಿಸ್ತೀರಾ?"
ಮಾಡಿಸಿದೆವು ಅನ್ನಲಾರೆ. ಯಂತ್ರವನ್ನು
ಆಚೆ ತುದಿಗೆ ಕಳಿಸಿದೆವು, ಅಷ್ಟೆ.
ಗುಲಾಬಿ ಶೆಡ್ಡಿನವರು ಬಿಸಾಡಿದ ಹರಕು ನೆರಳುಬಲೆಯನ್ನು
ಸೊಣ್ಣಕ್ಕನ ಸೊಸೆ ಕೂತು ಹೊಲಿದಳು, ಅಂಚಿಗೆ ಜಲ್ಲಿ ಕಟ್ಟಿ
ನೀರಿಗೆ ಇಳಿಬಿಟ್ಟರು. ಅಗೆದ ಕೆಸರು ಆ ಕಡೆಯೇ ನಿಂತಿತು.
ಮೂರನೆ ದಿನ ಬಲೆ ಹರಿದು ಅರ್ಧ ಕೆರೆ ಟೀ ಬಣ್ಣವಾಯಿತು.
ಮತ್ತೆ ಹೊಲಿದಳು.

"ಹಲ್ಲು ಬಿಟ್ಟು ನಗೋ ಹಾಗೆ ಇಡಬೇಕು ಸಾ ಕಲ್ಲನ್ನ,
ಬಾಯಿ ಮುಚ್ಚಿದ್ರೆ ನೀರು ಹಿಂದಿಂದ ಒದೆಯುತ್ತೆ."
ನೀರಿನ ಮಟ್ಟದ ಕೆಳಗೆ ಸಿಮೆಂಟಿಲ್ಲ. ದೊಡ್ಡ ಕಲ್ಲು, ಸಣ್ಣ ಕಲ್ಲು,
ನಡುವೆ ಏಡಿಗೊಂದು, ಕುಚ್ಚುಮೀನಿಗೊಂದು ಸಂದು.
ಮೇಲೆ ತೆಂಗಿನ ನಾರಿನ ಸುರುಳಿ, ಲಕ್ಕಿ ಗೂಟ; ಗೂಟ ಚಿಗುರಿದೆ.
ಆಮೆ ಹತ್ತುವ ಕಡೆ ಇಳಿಜಾರು ಮಣ್ಣು, ಇದ್ದ ಹಾಗೇ.
ಜೊಂಡಿನ ತಿರುವು ಮುಟ್ಟಲಿಲ್ಲ. ಬಿದ್ದ ಜಾಲಿಮರ ಎಳೆಯಲಿಲ್ಲ,
ಅದರ ಮುಳುಗಿದ ಕೊಂಬೆಗಳಲ್ಲಿ ಬಾಡಿಗೆದಾರರಿದ್ದರು.

ಕೆಂಪು ಹಿಂಡು ದಿನೇ ದಿನೇ ಬಣ್ಣ ಬಿಟ್ಟಿತು.
ಒಂದು ಬೆಳಿಗ್ಗೆ ಇರಲಿಲ್ಲ. ಬೆಳೆದು ಚದುರಿತೋ,
ಕೆಸರಿಗೆ ಸತ್ತಿತೋ, ಕೊಕ್ಕರೆ ತಿಂದಿತೋ.
ಕೇಳಿದರೆ ಸೊಣ್ಣಕ್ಕ ಎಲೆಅಡಿಕೆ ಉಗಿದು
"ಎಣಿಸೋಕೆ ನಾನೇನು ಅದರ ಅತ್ತೆನಾ?" ಅಂದಳು.

ಆಡಿಟ್ಟಿನವರು ತಮಿಳಿನಲ್ಲಿ ಬರೆದು ಕೇಳಿದ್ದಾರೆ:
ಕಲ್ಲುಗಳ ನಡುವೆ ಸಂದು ಏಕೆ?
ನಲವತ್ತು ಮೀಟರ್ ಕಲ್ಲೇ ಇಲ್ಲ, ಏಕೆ?
ಉತ್ತರದ ಹಾಳೆ ನಾಲ್ಕು ದಿನದಿಂದ ಮೇಜಿನ ಮೇಲಿದೆ.
ಕನ್ನಡದಲ್ಲಿ ಬರೆದು ಹೊಡೆದುಹಾಕಿದ್ದೇನೆ, ತಮಿಳಿನಲ್ಲೂ.

ಇವತ್ತು ಸಂಜೆ ಹೋಗಿದ್ದೆ. ಆ ಹನ್ನೆರಡು ಮೀಟರಿನ ಗೋಡೆ
ಬೆಳ್ಳಗೆ, ನುಣ್ಣಗೆ, ಒಂದು ಹುಲ್ಲೂ ಹುಟ್ಟದೆ ನಿಂತಿದೆ.
ಅದರ ಬಗ್ಗೆ ಯಾರೂ ಏನೂ ಕೇಳಿಲ್ಲ.